ಒಬ್ಬನೇ ಇರೋ ಊರು, ಒಂಬತ್ತು ಲಕ್ಷ ಡಾಲರ್

ಗುಂಪು: ನಂಜಯ್ಯನವರ ಬಳಗ

ಸುರೇಶ ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) "ಅಮೆರಿಕದ ಬ್ಯೂಫರ್ಡ್ ಪಟ್ಟಣ!! ಜನಸಂಖ್ಯೆ ಕೇವಲ 1!! ಅವನೇ ಮೇಯರ್, ಅವನೇ ಲೈಬ್ರರಿಯನ್, ಬಾರ್ ಲೈಸೆನ್ಸಿಗೆ ಅವನೇ ಅರ್ಜಿ ಹಾಕಿ ಅವನೇ ಸಹಿ ಮಾಡ್ತಾನೆ!! 1866ರಲ್ಲಿ ಸ್ಥಾಪನೆ. ಇಡೀ ಊರೇ 9 ಲಕ್ಷ ಡಾಲರ್‌ಗೆ ಹರಾಜು. ಕೊಂಡವರಿಗೆ ಗ್ರೀನ್ ಕಾರ್ಡ್ ಉಚಿತ!! ಎಲ್ಲ ಗುಂಪಿಗೂ ಕಳಿಸಿ 🙏"

ಸುರೇಶ ಚಿಕ್ಕಪ್ಪ: ನಮ್ಮೂರಿಗೂ ಇದೇ ಗತಿ, ನೋಡ್ತಿರಿ.

ದೊಡ್ಡಪ್ಪ: ಹುಟ್ಟಿದ ಮಣ್ಣು ಬಿಟ್ಟು ಎಲ್ಲರೂ ಹೊರಟರೆ ಇನ್ನೇನಾಗುತ್ತೆ. ಈ ಗುಂಪಲ್ಲೂ ಕೆಲವರು ಓದಿಕೊಳ್ಳಬೇಕಾದ ವಿಷಯ.

ವಿದ್ಯಾ: ಚಿಕ್ಕಪ್ಪ, ಇದರ ಮೂಲ ಯಾವುದು? ಇದರಲ್ಲಿ ಎರಡು ಊರು ಕಲಸಿಹೋಗಿದೆ. ಮೇಯರ್, ಲೈಬ್ರರಿ, ಬಾರ್ ಲೈಸೆನ್ಸ್ ಎಲ್ಲ ನೆಬ್ರಾಸ್ಕಾದ ಮೊನೊವೈ ಊರಿನದ್ದು. ಅಲ್ಲಿದ್ದಿದ್ದು ಗಂಡಸಲ್ಲ, ಎಲ್ಸಿ ಐಲರ್ ಅನ್ನೋ ಅಜ್ಜಿ. ಹರಾಜಾಗಿದ್ದು ವಯೋಮಿಂಗ್ ರಾಜ್ಯದ ಬ್ಯೂಫರ್ಡ್. ಅದೂ 2012ರ ಏಪ್ರಿಲ್‌ನಲ್ಲಿ!

ಸುರೇಶ ಚಿಕ್ಕಪ್ಪ: ಊರು ಯಾವುದಾದರೇನಮ್ಮ, ವಿಷಯ ನಿಜ ತಾನೆ?

ವಿದ್ಯಾ: ವ್ಯತ್ಯಾಸ ಇರೋದೇ ಅಲ್ಲಿ. ಮೊನೊವೈ ಕಾನೂನಿನ ಪ್ರಕಾರ ಸ್ಥಾಪನೆಯಾದ ಗ್ರಾಮ. ಅದಕ್ಕೆ ಗಡಿ ಇದೆ, ಬಜೆಟ್ ಇದೆ, ತೆರಿಗೆ ಹಾಕೋ ಅಧಿಕಾರ ಇದೆ. ಗಡಿ ಇರೋದರಿಂದ ಜನಗಣತಿಯವರು ಒಳಗಿರೋ ತಲೆ ಎಣಿಸಿ 2010ರಲ್ಲಿ 1 ಅಂತ ಬರೆದರು. ಬ್ಯೂಫರ್ಡ್‌ಗೆ ಪುರಸಭೆಯೂ ಇಲ್ಲ, ಗಡಿಯೂ ಇಲ್ಲ. ಅದು ಆಲ್ಬನಿ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಒಳಗಿನ ಒಂದು ಜಾಗದ ಹೆಸರು ಅಷ್ಟೆ. ತೆರಿಗೆ ಕಟ್ಟೋದು ಕೌಂಟಿಗೆ, ಪೊಲೀಸ್ ಅಂದ್ರೆ ಕೌಂಟಿಯ ಶೆರಿಫ್. ಅಲ್ಲಿನ ಆಗಿನ ಮಾಲೀಕ ಡಾನ್ ಸ್ಯಾಮನ್ಸ್‌ನನ್ನು ಮೇಯರ್ ಅಂತಿದ್ದಿದ್ದು ತಮಾಷೆಗೆ.

ಪ್ರಸನ್ನ: ಮಾರಿದ್ದೂ ಊರನ್ನಲ್ಲ ಮಾವ, ಸುಮಾರು 10 ಎಕರೆ ಜಮೀನು. ಪೆಟ್ರೋಲ್ ಬಂಕ್, ಅಂಗಡಿ, ಒಂದು ಮನೆ, 1905ರ ಹಳೇ ಶಾಲೆ ಕಟ್ಟಡ ಸೇರಿ. ಸುತ್ತಮುತ್ತಲ ಜಮೀನಿನಲ್ಲಿ ಬೇರೆಯವರ ಮನೆಗಳಿವೆ. ಅವರನ್ನು ಸೇರಿಸಿದರೆ 1 ಎಲ್ಲಿ ಬಂತು? ಊರ ಹೆಸರಿನ ಬೋರ್ಡಿನಲ್ಲಿ ಜನಸಂಖ್ಯೆ 1 ಅಂತಿದ್ದಿದ್ದು ಆ 10 ಎಕರೆ ಲೆಕ್ಕ.

ದೊಡ್ಡಪ್ಪ: ಸಣ್ಣವರು ಒಬ್ಬರ ಮೇಲೊಬ್ಬರು ಬೀಳಬಾರದು. ಸುರೇಶ ಒಳ್ಳೇ ಮನಸ್ಸಿಂದಲೇ ಹಾಕಿದಾನೆ.

ಕಾಂತಿ ಅತ್ತೆ: ಹೋದ ತಿಂಗಳು ಬಿಸಿ ಅನಾನಸ್ ನೀರಿನದ್ದೂ ಒಳ್ಳೇ ಮನಸ್ಸಿಂದಲೇ ಹಾಕಿದ್ದ 😄

ಸುರೇಶ ಚಿಕ್ಕಪ್ಪ: ಅಕ್ಕ, ಅದನ್ನ ಇಲ್ಲಿ ಯಾಕೆ ಎತ್ತಬೇಕು? ತೋಟದ ಪಾಲಿನ ದಿನವೂ ಹೀಗೇ ಮಾಡಿದ್ರಿ.

ಪ್ರಸನ್ನ: 1866 ಕೂಡ ಹೊಂದಲ್ಲ. ಬ್ಯೂಫರ್ಡ್ ಶುರುವಾಗಿದ್ದು ಖಂಡ ದಾಟೋ ರೈಲು ಹಳಿ ಹಾಕೋರ ಶಿಬಿರವಾಗಿ. ಯೂನಿಯನ್ ಪೆಸಿಫಿಕ್ ಹಳಿ ಪೂರ್ವದ ಶೆಯೆನ್‌ಗೆ ಬಂದಿದ್ದೇ 1867ರ ನವೆಂಬರ್‌ನಲ್ಲಿ. ಅದರಾಚೆಗಿನ ಬೆಟ್ಟದ ಮೇಲೆ ಒಂದು ವರ್ಷ ಮೊದಲೇ ಶಿಬಿರ ಹೇಗೆ ಬಂತು? 1866ರಲ್ಲಿ ಲಾರಮಿ ಪಕ್ಕ ಫೋರ್ಟ್ ಜಾನ್ ಬ್ಯೂಫರ್ಡ್ ಅನ್ನೋ ಸೇನಾ ಠಾಣ್ಯ ಕಟ್ಟಿದ್ರು, ಆಮೇಲೆ ಅದು ಫೋರ್ಟ್ ಸ್ಯಾಂಡರ್ಸ್ ಆಯ್ತು. ಎರಡಕ್ಕೂ ಅಮೆರಿಕದ ಅಂತರ್ಯುದ್ಧದಲ್ಲಿ ಕಾಳಗ ನಡೆದ ಗೆಟ್ಟಿಸ್‌ಬರ್ಗ್‌ನ ಜನರಲ್ ಬ್ಯೂಫರ್ಡ್ ಹೆಸರೇ. ಇಸವಿ ಅಲ್ಲಿಂದ ಜಾರಿಬಂದಿರಬೇಕು ಅಂತ ನನ್ನ ಊಹೆ. ಜನ 2,000 ಇದ್ರು ಅಂತ ಪತ್ರಿಕೆಗಳು ಬರೀತವೆ, ಅದೂ ಶಿಬಿರದ ಕೂಲಿಗಳ ಲೆಕ್ಕ. ಹಳಿ ಮುಂದೆ ಹೋದ ಹಾಗೆ ಅವರೂ ಹೋದ್ರು. ಅದಕ್ಕೆ ಹಳ್ಳಿ ಖಾಲಿಯಾಯ್ತು ಅನ್ನೋ ಹೆಸರು ಯಾಕೆ?

ಕಾಂತಿ ಅತ್ತೆ: ರೈಲು ಅಂದ್ರೆ ಅರಸೀಕೆರೆ ಜಂಕ್ಷನ್ ತಟ್ಟೆ ಇಡ್ಲಿ ಕಣ್ಣಮುಂದೆ ಬರುತ್ತೆ. ಅಮ್ಮ ಬುತ್ತಿ ಕಟ್ಟಿದ್ರೂ ಅಪ್ಪ ಕೊಡಿಸೋರು. ಸುರೇಶಂಗೆ ಎರಡು, ನನಗೆ ಒಂದು!

ದೊಡ್ಡಪ್ಪ: ಕಾಂತಿ, ಅದು ಅರಸೀಕೆರೆ ಅಲ್ಲ, ಬಿಡದಿ.

ಸುರೇಶ ಚಿಕ್ಕಪ್ಪ: ಗ್ರೀನ್ ಕಾರ್ಡ್ ಆದ್ರೂ ನಿಜಾನಾ ಪ್ರಸನ್ನ?

ಪ್ರಸನ್ನ: ಇಲ್ಲ ಮಾವ. ಅಲ್ಲಿ ವಿದೇಶಿಯರೂ ಜಮೀನು ಕೊಳ್ಳೋದುಂಟು, ವೀಸಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹೂಡಿಕೆಯಿಂದ ಗ್ರೀನ್ ಕಾರ್ಡ್ ಬರೋದು ಇಬಿ-5 ಅನ್ನೋ ವೀಸಾದಲ್ಲಿ. 2022ರಿಂದ ಗ್ರಾಮೀಣ ಪ್ರದೇಶಕ್ಕೆ ಕನಿಷ್ಠ 8 ಲಕ್ಷ ಡಾಲರ್, ಮಾಮೂಲಿ ಜಾಗಕ್ಕೆ 10.5 ಲಕ್ಷ. ಜೊತೆಗೆ 10 ಜನಕ್ಕೆ ಪೂರ್ಣಾವಧಿ ಕೆಲಸ ತೋರಿಸಬೇಕು. ಒಂದು ಬಂಕ್ ಇಟ್ಕೊಂಡು 10 ಕೆಲಸ ಎಲ್ಲಿಂದ ತರ್ತೀರಿ? ಬ್ಯೂಫರ್ಡ್ ಕೊಂಡ ವಿಯೆಟ್ನಾಮಿನ ಫಾಮ್ ದಿನ್ ನುಯೆನ್ ಅದನ್ನ ತನ್ನ ಕಾಫಿ ಬ್ರಾಂಡಿನ ಪ್ರಚಾರಕ್ಕೆ ಬಳಸಿದ. 2013ರಲ್ಲಿ ಊರಿಗೂ ಫಿನ್‌ಡೆಲಿ ಅಂತ ಅದೇ ಹೆಸರು ಅಂಟಿಸಿದ.

ದೊಡ್ಡಪ್ಪ: ಗಡಿ ಇಲ್ಲದ ಊರು ಅನ್ನೋದು ನನಗೆ ಒಪ್ಪಿಗೆಯಾಗಲ್ಲ. ನಮ್ಮ ಕಂದಾಯ ದಾಖಲೆಯಲ್ಲಿ ಜನ ಒಬ್ಬರಿಲ್ಲದಿದ್ದರೂ ಗ್ರಾಮಕ್ಕೆ ನಕ್ಷೆ, ಸರ್ವೆ ನಂಬರು ಇರುತ್ತೆ. ಬೇಚರಾಕ್ ಗ್ರಾಮ ಅಂತೀವಿ.

ವಿದ್ಯಾ: ದೊಡ್ಡಪ್ಪ, ಅಲ್ಲಿ ಅದು ತಲೆಕೆಳಗು. ಜನ ಇದ್ರೂ ನಕ್ಷೆಯಲ್ಲಿ ಗೆರೆ ಇರಲ್ಲ. ನಮ್ಮಲ್ಲಿ ತಾಂಡಾ, ಹಟ್ಟಿಗಳು ಕಂದಾಯ ಗ್ರಾಮ ಆಗೋಕೆ ಮುಂಚೆ ಇದ್ದವಲ್ಲ, ಅದಕ್ಕೆ ಹತ್ತಿರ.

ದೊಡ್ಡಪ್ಪ: ಹಾಗೆ ಹೇಳು. ದಾಖಲೆರಹಿತ ಜನವಸತಿ.

ಸುರೇಶ ಚಿಕ್ಕಪ್ಪ: ದಾಖಲೆಯೇ ಇಲ್ಲ ಅಂದ್ಮೇಲೆ ನಂದು ಸುಳ್ಳು ಅಂತ ಹೇಗೆ ಹೇಳ್ತೀಯ?

ವಿದ್ಯಾ: ನೋಡೋ ಕ್ರಮ ಇದೆ ಚಿಕ್ಕಪ್ಪ. ಸೆನ್ಸಸ್ ಬ್ಯೂರೋದ ಡೇಟಾ ಪುಟದಲ್ಲಿ ಊರಿನ ಹೆಸರು, ರಾಜ್ಯ ಹಾಕಿ. ಹೆಸರಿನ ಮುಂದೆ 'ಟೌನ್', 'ವಿಲೇಜ್' ಅಂತಿದ್ರೆ ಕಾನೂನುಬದ್ಧ ಊರು. 'ಸಿಡಿಪಿ' ಅಂತಿದ್ರೆ ಪುರಸಭೆ ಇಲ್ಲ, ಎಣಿಕೆಗೋಸ್ಕರ ಬ್ಯೂರೋನೇ ಗೆರೆ ಎಳೆದಿದೆ. ಎರಡೂ ಇಲ್ಲ ಅಂದ್ರೆ ಊರಿನ ಅಂಕಿ ಸಿಗಲ್ಲ, ಗಣತಿ ನಕ್ಷೆಯಲ್ಲಿ ಎಣಿಕೆಯ ಅತಿ ಸಣ್ಣ ತುಂಡುಗಳಾದ ಬ್ಲಾಕ್‌ಗಳನ್ನ ಆರಿಸಿ ನಾವೇ ಕೂಡಬೇಕು. ಎಲ್ಲರೂ ಎಡವೋದು ಪಿನ್ ಕೋಡಿನಲ್ಲಿ. ಬ್ಯೂಫರ್ಡಿನ 82052 ಹಾಕಿದ್ರೆ ಬರೋ ಸಂಖ್ಯೆ ಅಂಚೆ ಪ್ರದೇಶದ್ದು, ಊರಿನದ್ದಲ್ಲ. ಇನ್ನೊಂದು, 2020ರಲ್ಲಿ ಜನರ ಗುರುತು ಮುಚ್ಚೋಕೆ ಸಣ್ಣ ಜಾಗಗಳ ಅಂಕಿಯಲ್ಲಿ ಬೇಕಂತಲೇ ಏರುಪೇರು ಮಾಡಿದ್ರು. ಇಡೀ ರಾಜ್ಯದ ಜನಸಂಖ್ಯೆ, ಬ್ಲಾಕಿನ ಮನೆಗಳ ಸಂಖ್ಯೆ ಮುಟ್ಟಿಲ್ಲ. ಆದ್ರೆ ಬ್ಲಾಕಿನ ಜನರ ಸಂಖ್ಯೆ ಹಿಂದೆಮುಂದೆ ಆಗಿದೆ. ಹಾಗಾಗಿ ಒಂದೇ ಬ್ಲಾಕ್ ನಂಬಬೇಡಿ, ಹತ್ತಾರು ಸೇರಿಸಿ ನೋಡಿ. ಮೊನೊವೈನಲ್ಲಿ ಅಜ್ಜಿ ಒಬ್ಬರೇ ಇದ್ದರೂ ಆ ಗಣತಿಯಲ್ಲಿ 2 ಅಂತ ಬಂತು.

ಕಾಂತಿ ಅತ್ತೆ: ಅಯ್ಯೋ, ಆ ಎರಡನೆಯವರು ಯಾರೇ?

ವಿದ್ಯಾ: ಯಾರೂ ಇಲ್ಲ ಅತ್ತೆ. ಲೆಕ್ಕದಲ್ಲಿ ಮಾತ್ರ.

ಸುರೇಶ ಚಿಕ್ಕಪ್ಪ: ಸರ್ಕಾರವೇ ಒಂದಕ್ಕೆ ಎರಡು ಬರೀಬಹುದು, ನಾನು ಫಾರ್ವರ್ಡ್ ಮಾಡಿದ್ರೆ ತಪ್ಪು.

ದೊಡ್ಡಪ್ಪ: ಸುರೇಶ, ಅದನ್ನು ತೆಗೆದುಹಾಕು. ವಿದ್ಯಾ ಸರಿಯಾದ್ದು ಬರೆದುಕೊಡ್ತಾಳೆ.

ವಿದ್ಯಾ: "ವಯೋಮಿಂಗ್‌ನ ಬ್ಯೂಫರ್ಡ್‌ನಲ್ಲಿ ಸುಮಾರು 10 ಎಕರೆ ಜಮೀನು, ಅಂಗಡಿ, ಮನೆ ಸಮೇತ 2012ರಲ್ಲಿ 9 ಲಕ್ಷ ಡಾಲರ್‌ಗೆ ಮಾರಾಟವಾಯ್ತು. ಅಲ್ಲಿ ಪುರಸಭೆ ಇಲ್ಲ, ಮೇಯರ್ ಇಲ್ಲ. 1 ಅನ್ನೋದು ಬೋರ್ಡಿನ ಅಂಕಿ, ಗಣತಿಯದ್ದಲ್ಲ."

ಸುರೇಶ ಚಿಕ್ಕಪ್ಪ: ಇದನ್ನ ಯಾರು ಓದ್ತಾರೆ? ಆಶ್ಚರ್ಯಸೂಚಕವೇ ಇಲ್ಲ.

ಕಾಂತಿ ಅತ್ತೆ: ಅಣ್ಣ, ಬಿಡದಿ ಅಲ್ಲ, ಅರಸೀಕೆರೆಯೇ. ಬೇಕಾದ್ರೆ ಅತ್ತಿಗೇನ ಕೇಳು.