ಫ್ರೀಬಿಎಸ್‌ಡಿ ಜೈಲಿನಲ್ಲಿ ಪೋಸ್ಟ್‌ಗ್ರೆಸ್ ಶುರುವಾಗ್ತಿಲ್ಲ, ಬೇರೆ ಡೇಟಾಬೇಸ್ ನೋಡ್ಲಾ?

ಮರಕುಟಿಗ:
ಎಲ್ಲರಿಗೂ ನಮಸ್ಕಾರ. 8 ಜಿಬಿ ರ‍್ಯಾಮ್ ಇರುವ ಹಳೆ ಪಿಸಿಗೆ ಫ್ರೀಬಿಎಸ್‌ಡಿ 14 ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇನೆ. ಡಿಸ್ಕ್ ಪೂರ್ತಿ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್. ಒಂದು ಜೈಲಿನಲ್ಲಿ (ಒಂದೇ ಯಂತ್ರದೊಳಗೆ ಪ್ರೋಗ್ರಾಮ್‌ಗಳನ್ನು ಬೇರೆಬೇರೆಯಾಗಿ ಇಡುವ ಕೋಣೆ) ಸೆನ್ಸರ್‌ಗಳ ಉಷ್ಣಾಂಶವನ್ನು ನಿಮಿಷಕ್ಕೊಮ್ಮೆ ಓದುವ ಪ್ರೋಗ್ರಾಮ್, ಇನ್ನೊಂದರಲ್ಲಿ ಅದನ್ನು ತೋರಿಸುವ ವೆಬ್ ಆ್ಯಪ್. ಡೇಟಾಬೇಸ್‌ಗೆ ಮೂರನೇ ಜೈಲು ಮಾಡಿದೆ. ಪೋಸ್ಟ್‌ಗ್ರೆಸ್ ಪ್ಯಾಕೇಜ್ ಸಲೀಸಾಗಿ ಇನ್‌ಸ್ಟಾಲ್ ಆಯ್ತು. ಆದರೆ ಡೇಟಾ ಫೋಲ್ಡರ್ ಸಿದ್ಧಮಾಡುವ ಇನಿಟ್‌ಡಿಬಿ ಕಮಾಂಡ್ ಕೊಟ್ಟರೆ ಶೇರ್ಡ್ ಮೆಮರಿ (ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಮೆಮರಿ) ಸಿಗಲಿಲ್ಲ, 'ಫಂಕ್ಷನ್ ನಾಟ್ ಇಂಪ್ಲಿಮೆಂಟೆಡ್' ಅಂತ ಹೇಳಿ ನಿಂತುಬಿಡುತ್ತದೆ. ಎರಡು ಸಂಜೆ ಇದರಲ್ಲೇ ಕಳೆದೆ. ಮಾರಿಯಾಡಿಬಿಗೋ ಎಸ್‌ಕ್ಯೂಲೈಟ್‌ಗೋ ಹೋಗಿಬಿಡಲಾ?

ಹಳೆಕೀಲಿ:
ದಯವಿಟ್ಟು ಈ ಕಾರಣಕ್ಕೆ ಬಿಡಬೇಡಿ. ಇದು ಪೋಸ್ಟ್‌ಗ್ರೆಸ್‌ನ ತಪ್ಪಲ್ಲ, ಜೈಲು ಹಾಕಿರುವ ತಡೆ. 9.3ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ತನ್ನ ಮೆಮರಿಯಲ್ಲಿ ಹೆಚ್ಚಿನದನ್ನು ಬೇರೆ ದಾರಿಯಲ್ಲಿ ತೆಗೆದುಕೊಳ್ಳುತ್ತದೆ. ಆದರೂ ಒಂದು ಚಿಕ್ಕ ತುಂಡು ಹಳೆಯ ಸಿಸ್ಟಮ್ ವಿ ಶೇರ್ಡ್ ಮೆಮರಿಯೇ ಆಗಿರಬೇಕು. ಒಂದೇ ಡೇಟಾ ಫೋಲ್ಡರ್ ಮೇಲೆ ಎರಡು ಸರ್ವರ್ ಓಡದಂತೆ ಕಾಯುವುದು ಅದೇ. ಜೈಲು ಇದನ್ನು ತಾನಾಗಿ ಕೊಡುವುದಿಲ್ಲ. ಜೈಲುಗಳ ಸೆಟ್ಟಿಂಗ್ ಫೈಲಾದ ಜೈಲ್ ಡಾಟ್ ಕಾನ್ಫ್‌ನಲ್ಲಿ ಆ ಜೈಲಿನ ಬ್ಲಾಕ್ ಒಳಗೆ 'ಸಿಸ್‌ವಿಎಸ್‌ಎಚ್‌ಎಂ'ಗೆ 'ನ್ಯೂ' ಅಂತ ಕೊಟ್ಟು (ಆ ಜೈಲಿಗೆ ತನ್ನದೇ ಶೇರ್ಡ್ ಮೆಮರಿ ಜಾಗ ಸಿಗುತ್ತದೆ) ಜೈಲನ್ನು ನಿಲ್ಲಿಸಿ ಮತ್ತೆ ಶುರು ಮಾಡಿ. ಹಳೆ ಬರಹಗಳಲ್ಲಿ 'ಅಲೋ ಡಾಟ್ ಸಿಸ್‌ವಿಐಪಿಸಿ' ಅಂತ ಇರುತ್ತದೆ. ಅದು ಎಲ್ಲ ಜೈಲುಗಳನ್ನೂ ಒಂದೇ ಜಾಗಕ್ಕೆ ಬಿಡುತ್ತದೆ, ಬೇಡ.

ಇನಿಟ್‌ಡಿಬಿ ಮತ್ತೆ ಕೊಡುವ ಮುಂಚೆ ಇನ್ನೊಂದು ಕೆಲಸ. ಡೇಟಾಗೆ ಝಡ್‌ಎಫ್‌ಎಸ್‌ನಲ್ಲಿ ಬೇರೆಯೇ ಡೇಟಾಸೆಟ್ (ಸ್ವಂತ ಸೆಟ್ಟಿಂಗ್ ಇರುವ ವಿಭಾಗ) ಮಾಡಿ, ಅದರ ರೆಕಾರ್ಡ್‌ಸೈಜ್ (ಬ್ಲಾಕಿನ ಗರಿಷ್ಠ ಗಾತ್ರ) 16ಕೆ ಇಡಿ. ಝಡ್‌ಎಫ್‌ಎಸ್ ತಾನಾಗಿ ಇಡುವುದು 128ಕೆ, ಪೋಸ್ಟ್‌ಗ್ರೆಸ್ ಪುಟ (ಅದು ಒಮ್ಮೆಗೆ ಓದಿ ಬರೆಯುವ ತುಂಡು) ಇರುವುದು 8ಕೆ. ಒಂದು ಪುಟ ಬದಲಾದರೂ ಝಡ್‌ಎಫ್‌ಎಸ್ 128ಕೆ ಬ್ಲಾಕನ್ನು ಪೂರ್ತಿ ಹೊಸದಾಗಿ ಬರೆಯಬೇಕಾಗುತ್ತದೆ. ಆಮೇಲೆ ಬದಲಾಯಿಸಿದರೆ ಆಗಲೇ ಇರುವ ಫೈಲುಗಳು ಹಾಗೇ ಉಳಿಯುತ್ತವೆ, ಅದಕ್ಕೇ ಈಗಲೇ ಹೇಳ್ತಿರೋದು.

ಎಸ್‌ಕ್ಯೂಲೈಟ್ ಒಳ್ಳೆಯದೇ. ಒಂದೇ ಪ್ರೋಗ್ರಾಮ್ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ ಅದರಲ್ಲಿ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ. ನಿಮ್ಮಲ್ಲಿ ಎರಡು ಜೈಲುಗಳು ಒಂದೇ ಫೈಲನ್ನು ಹಂಚಿಕೊಳ್ಳಬೇಕು, ಸುಮ್ನೆ ತಲೆನೋವು.

ನೀರುಗುಳ್ಳೆ:
ಮಾರಿಯಾಡಿಬಿ ಬಗ್ಗೆ ಒಂದು ಮಾತು. ನಿಮ್ಮ ವೆಬ್ ಆ್ಯಪ್ ಮೈಎಸ್‌ಕ್ಯೂಎಲ್ (ಮಾರಿಯಾಡಿಬಿ ಅದರಿಂದಲೇ ಕವಲೊಡೆದದ್ದು) ಬಿಟ್ಟು ಬೇರೆಯದನ್ನು ಒಪ್ಪದಿದ್ದರೆ ಅದನ್ನೇ ಹಾಕಿ, ಜಗ್ಗಾಡಬೇಡಿ. ಇಲ್ಲದಿದ್ದರೆ ಪೋಸ್ಟ್‌ಗ್ರೆಸ್. ಹಾಂ, ಝಡ್‌ಎಫ್‌ಎಸ್‌ನ ಎಆರ್‌ಸಿಗೆ (ಅದು ರ‍್ಯಾಮ್‌ನಲ್ಲಿ ಇಡುವ ಕ್ಯಾಶ್‌ಗೆ) ಒಂದು ಮಿತಿ ಹಾಕಿ. 8 ಜಿಬಿ ಯಂತ್ರದಲ್ಲಿ 3 ಜಿಬಿ ಸಾಕು. ಹಾಕದಿದ್ದರೆ ಕ್ಯಾಶ್ ಜಾಸ್ತಿ ಜಾಗ ಹಿಡಿದು ಡೇಟಾಬೇಸ್ ಜೊತೆ ಪೈಪೋಟಿಗೆ ಬೀಳುತ್ತದೆ.

ಮರಕುಟಿಗ:
ಸರ್, ಇನಿಟ್‌ಡಿಬಿ ಒಂದೇ ಸಲಕ್ಕೆ ಆಯ್ತು! ಎಷ್ಟು ನಿರಾಳ ಅನ್ನಿಸಿತು ಅಂದರೆ ಹೇಳಲಾಗದು. ಈಗ ಹೊಸದೊಂದು. ಅದೇ ಜೈಲಿನ ಒಳಗಿಂದ 127.0.0.1ಕ್ಕೆ (ಯಂತ್ರ ತನ್ನೊಂದಿಗೇ ಮಾತಾಡುವ ವಿಳಾಸ) ಪೋಸ್ಟ್‌ಗ್ರೆಸ್‌ನ ಕಮಾಂಡ್ ಪ್ರೋಗ್ರಾಮ್ ಪಿಎಸ್‌ಕ್ಯೂಎಲ್ ಹಚ್ಚಿದರೆ, '10.0.0.5ಕ್ಕೆ ಪಿಜಿ ಎಚ್‌ಬಿಎ ಸಾಲು ಇಲ್ಲ' ಅಂತಿದೆ. ನಾನು ಕೊಟ್ಟಿದ್ದು ಆ ವಿಳಾಸ ಅಲ್ವಲ್ಲಾ?

ಹಳೆಕೀಲಿ:
10.0.0.5 ನಿಮ್ಮ ಜೈಲಿನದೇ ವಿಳಾಸ ಅಲ್ವಾ? ವಿನೆಟ್ (ಜೈಲಿಗೇ ಬೇರೆ ನೆಟ್‌ವರ್ಕ್ ಕೊಡುವ ಸೌಲಭ್ಯ) ಇಲ್ಲದ ಜೈಲಿಗೆ ಸ್ವಂತ ಲೂಪ್‌ಬ್ಯಾಕ್, ಅಂದರೆ ತನ್ನದೇ 127.0.0.1, ಇರುವುದಿಲ್ಲ. 127.0.0.1 ಅಂತ ಬರೆದರೂ ಕರ್ನಲ್ ಅದನ್ನು ಜೈಲಿನ ಐಪಿಗೆ ತಿರುಗಿಸುತ್ತದೆ. ಯಾರು ಎಲ್ಲಿಂದ ಒಳಬರಬಹುದು ಅಂತ ಹೇಳುವ ಪಿಜಿ ಎಚ್‌ಬಿಎ ಫೈಲಿನಲ್ಲಿ 10.0.0.5ಕ್ಕೊಂದು, ಉಳಿದ ಎರಡು ಜೈಲುಗಳಿಗೆ ಒಂದೊಂದು ಸಾಲು ಸೇರಿಸಿ, ಎಲ್ಲದಕ್ಕೂ ಸ್ಕ್ರ್ಯಾಮ್ ಪಾಸ್‌ವರ್ಡ್ ಇಡಿ. 'ಟ್ರಸ್ಟ್' ಅಂತ ಮಾತ್ರ ಬರೆಯಬೇಡಿ, ಅದು ಪಾಸ್‌ವರ್ಡ್ ಕೇಳದೆ ಒಳಬಿಡುತ್ತದೆ. ಆಮೇಲೆ ರೀಲೋಡ್ ಕೊಡಿ, ರೀಸ್ಟಾರ್ಟ್ ಬೇಕಿಲ್ಲ.

ಇದರ ಇನ್ನೊಂದು ಮುಖ ನೋಡಿ. ಸರ್ವರ್ 'ಲೋಕಲ್‌ಹೋಸ್ಟ್' ಮೇಲೆ ಮಾತ್ರ ಕೇಳುತ್ತಿದೆ ಅಂದುಕೊಂಡಿರುತ್ತೀರಿ, ನಿಜಕ್ಕೂ ಅದು ಜೈಲಿನ ಐಪಿ ಮೇಲೆ ಕೇಳುತ್ತಿರುತ್ತದೆ. ಹೊರಗಿನವರಿಗೆ ತಲುಪುವ ಐಪಿ ಆಗಿದ್ದರೆ ಬಾಗಿಲು ತೆರೆದಿಟ್ಟ ಹಾಗೆ. ಫೈರ್‌ವಾಲ್‌ನಲ್ಲಿ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಒಮ್ಮೆ ನೋಡಿಬಿಡಿ.

ಮುಂದೆ ಪೋಸ್ಟ್‌ಗ್ರೆಸ್ 16ರಿಂದ 17ಕ್ಕೆ ಹೋಗುವ ಥರದ ದೊಡ್ಡ ಜಿಗಿತ ಬಂದಾಗ ಹೊಸ ಪ್ಯಾಕೇಜ್ ಹಾಕಿದರಷ್ಟೇ ಸಾಲದು, ಹಳೆ ಡೇಟಾ ಫೋಲ್ಡರನ್ನು ಹೊಸ ಸರ್ವರ್ ಮುಟ್ಟುವುದಿಲ್ಲ. ಮೊದಲು ಪಿಜಿ ಡಂಪ್‌ಆಲ್‌ನಿಂದ ಪೂರ್ತಿ ಡೇಟಾದ ಪ್ರತಿ ತೆಗೆದು ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ, ಜೊತೆಗೆ ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್.

ಮರಕುಟಿಗ:
ಮೂರು ಸಾಲು ಸೇರಿಸಿದೆ, ರೀಲೋಡ್ ಕೊಟ್ಟೆ, ಒಳಗೆ ಹೋಯ್ತು. 5432 ಹೊರಗಿಂದ ಮುಚ್ಚಿದೆ. ಅರ್ಧ ಗಂಟೆಯಿಂದ ನಿಮಿಷಕ್ಕೊಂದು ಸಾಲು ತಪ್ಪದೆ ಬೀಳ್ತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.