ಗರ್ಭಿಣಿ ಎಂದು ತಿಳಿಯುವ ಮುನ್ನ ಜಂತುಹುಳುವಿನ ಮಾತ್ರೆ ನುಂಗಿದ್ದರೆ: ಕೆಲವರ ಅನುಭವ

ಪ್ರಶ್ನೆ: ಮಗನಿಗೆ ಜಂತುಹುಳುವಿನ ತೊಂದರೆ ಕಾಣಿಸಿಕೊಂಡಿದ್ದರಿಂದ ಮನೆಯವರೆಲ್ಲರೂ ಆಲ್ಬೆಂಡಜೋಲ್ 400 ಮಿ.ಗ್ರಾಂ ಮಾತ್ರೆಯನ್ನು ಒಂದೊಂದು ತೆಗೆದುಕೊಂಡೆವು. ಆಗಲೇ ನಾನು ಐದು ವಾರಗಳ ಗರ್ಭಿಣಿಯಾಗಿದ್ದೆ ಎಂಬುದು ಆಮೇಲೆ ತಿಳಿಯಿತು. ಮಗುವಿಗೆ ಅಪಾಯವಿದೆಯೇ? ಮಗನಿಗೆ ಮತ್ತೆ ತುರಿಕೆ ಶುರುವಾಗಿದೆ. ನಾನು ಇನ್ನೊಮ್ಮೆ ಮಾತ್ರೆ ತೆಗೆದುಕೊಳ್ಳಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನನ್ನ ತಂಗಿಯೂ ಇದೇ ಪರಿಸ್ಥಿತಿಯಲ್ಲಿದ್ದಳು, ಆದ್ದರಿಂದ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಅವಳನ್ನು ನೋಡಿದ ಪ್ರಸೂತಿ ತಜ್ಞೆ ಮೊದಲು ಕೇಳಿದ್ದು ಯಾವ ಔಷಧ, ಎಷ್ಟು ಪ್ರಮಾಣ, ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಎಷ್ಟನೆಯ ವಾರ ಎಂಬುದನ್ನು. ನೀವೂ ಇವನ್ನು ಬರೆದಿಟ್ಟುಕೊಂಡು, ಮಾತ್ರೆಯ ಪಟ್ಟಿ (ಸ್ಟ್ರಿಪ್) ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಮೊದಲ ಮೂರು ತಿಂಗಳಲ್ಲಿ ಮಗುವಿನ ಅಂಗಾಂಗಗಳು ರೂಪುಗೊಳ್ಳುತ್ತವೆ. ಇಲಿ ಮತ್ತು ಮೊಲಗಳ ಮೇಲಿನ ಪ್ರಯೋಗಗಳಲ್ಲಿ ಆಲ್ಬೆಂಡಜೋಲ್ ಮರಿಗಳಲ್ಲಿ ದೋಷ ಉಂಟುಮಾಡಿದ್ದರಿಂದ ಆ ಅವಧಿಯಲ್ಲಿ ಅದನ್ನು ಕೊಡುವುದಿಲ್ಲ. ಆದರೆ ಮನುಷ್ಯರ ಕರುಳು ಈ ಔಷಧವನ್ನು ಸ್ವಲ್ಪವೇ ಹೀರಿಕೊಳ್ಳುತ್ತದೆ, ಒಂದು ಮಾತ್ರೆ ಕೆಲವೇ ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ. ಇದೇ ಗುಂಪಿನ ಮೆಬೆಂಡಜೋಲ್ ಸೇವಿಸಿದ್ದ ಐದು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಕುರಿತು ಶ್ರೀಲಂಕಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಟ್ಟಾರೆ ಜನ್ಮದೋಷಗಳ ಪ್ರಮಾಣ ಸೇವಿಸದವರಿಗಿಂತ ಗಣನೀಯವಾಗಿ ಹೆಚ್ಚಿರಲಿಲ್ಲ. ಮೊದಲ ಮೂರು ತಿಂಗಳಲ್ಲಿ ಸೇವಿಸಿದವರ ಸಣ್ಣ ಗುಂಪಿನಲ್ಲಿ ಮಾತ್ರ ಅದು ತುಸು ಮೇಲಿತ್ತು, ಹೀಗಾಗಿ ಆ ಅವಧಿಯಲ್ಲಿ ಬೇಡವೆಂದು ಸಂಶೋಧಕರು ಎಚ್ಚರಿಸಿದರು. ತಿಳಿಯದೆ ನುಂಗಿದ ಒಂದು ಮಾತ್ರೆ ಗರ್ಭವನ್ನು ತೆಗೆಸಲು ಕಾರಣವಾಗುವುದಿಲ್ಲ. ಯಾರಾದರೂ ಹಾಗೆ ಹೆದರಿಸಿದರೆ ದಯವಿಟ್ಟು ಕಿವಿಗೊಡಬೇಡಿ. ನನ್ನ ತಂಗಿಗೆ ಎಲ್ಲರಿಗೂ ಮಾಡುವಂತೆ ಇಪ್ಪತ್ತನೆಯ ವಾರದ ಹೊತ್ತಿಗೆ ವಿವರವಾದ ಸ್ಕ್ಯಾನಿಂಗ್ ಮಾಡಿದರು. ಮಗು ಆರೋಗ್ಯವಾಗಿ ಹುಟ್ಟಿತು.

ಎರಡನೆಯ ಉತ್ತರ: ಮೇಲಿನದನ್ನು ಓದಿದವರು ಬಸುರಿಯಲ್ಲಿ ಈ ಮಾತ್ರೆಯೇ ನಿಷಿದ್ಧವೆಂದು ತಿಳಿಯಬಾರದೆಂದು ನನ್ನ ಅನುಭವವನ್ನು ಸೇರಿಸುತ್ತಿದ್ದೇನೆ. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದರೂ ನನ್ನ ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲೇ ನಿಂತಿತ್ತು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮಲಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಈ ಹುಳು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುವುದರಿಂದ, ಅದನ್ನು ಹಾಗೆಯೇ ಬಿಟ್ಟು ಕಬ್ಬಿಣಾಂಶ ಮಾತ್ರ ಕೊಡುತ್ತಿದ್ದರೆ ರಕ್ತಹೀನತೆ ನೀಗುವುದು ಕಷ್ಟ. ತಾಯಿಯ ತೀವ್ರ ರಕ್ತಹೀನತೆಯಿಂದ ಮಗುವಿನ ತೂಕವೂ ಕಡಿಮೆಯಾಗಬಹುದು. ಐದನೆಯ ತಿಂಗಳಲ್ಲಿ ವೈದ್ಯರು ಆಲ್ಬೆಂಡಜೋಲ್‌ನ ಒಂದೇ ಮಾತ್ರೆ ಕೊಟ್ಟು ಕಬ್ಬಿಣಾಂಶವನ್ನು ಮುಂದುವರಿಸಿದರು, ಆಮೇಲಿನ ಪರೀಕ್ಷೆಗಳಲ್ಲಿ ರಕ್ತ ಏರತೊಡಗಿತು. ಗರ್ಭಿಣಿಯರಲ್ಲಿ ಕೊಕ್ಕೆಹುಳು ಅಥವಾ ಚಾಟಿಹುಳುವಿನ ಸೋಂಕು ಶೇ. 20ಕ್ಕೂ, ರಕ್ತಹೀನತೆ ಶೇ. 40ಕ್ಕೂ ಮೇಲಿರುವ ಪ್ರದೇಶಗಳಲ್ಲಿ, ಮೊದಲ ಮೂರು ತಿಂಗಳು ಕಳೆದ ಮೇಲೆ ಆಲ್ಬೆಂಡಜೋಲ್ 400 ಮಿ.ಗ್ರಾಂ ಇಲ್ಲವೇ ಮೆಬೆಂಡಜೋಲ್ 500 ಮಿ.ಗ್ರಾಂ ಒಂದೇ ಬಾರಿ ಕೊಡುವಂತೆ ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುತ್ತದೆ.

ಮೂರನೆಯ ಉತ್ತರ: ನಾನು ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮೊದಲು ಪಟ್ಟಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿರಿ: ಕೆಲವು ಮಾತ್ರೆಗಳಲ್ಲಿ ಆಲ್ಬೆಂಡಜೋಲ್ ಜೊತೆಗೆ ಐವರ್‌ಮೆಕ್ಟಿನ್ ಎಂಬ ಇನ್ನೊಂದು ಹುಳುನಾಶಕ ಕೂಡ ಇರುತ್ತದೆ, ಅದನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನಿಮ್ಮದು ಅಂಥದ್ದಾಗಿದ್ದರೆ ವೈದ್ಯರಿಗೆ ಅದನ್ನೂ ತಿಳಿಸಬೇಕು. ಸದ್ಯಕ್ಕೆ ಸ್ವತಃ ಇನ್ನೊಂದು ಮಾತ್ರೆ ನುಂಗಬೇಡಿ, ಗಿಡಮೂಲಿಕೆಯದೆಂಬ ಧೈರ್ಯದಿಂದ ಬೇರೆ ಹುಳುನಾಶಕವನ್ನೂ ತೆಗೆದುಕೊಳ್ಳಬೇಡಿ. ಮಗನಿಗೆ ರಾತ್ರಿ ಗುದದ ಬಳಿ ತುರಿಸುತ್ತಿದ್ದರೆ ಅದು ಬಿಳಿ ದಾರದಂಥ ಸಣ್ಣ ಹುಳುವಿರಬಹುದು. ಅದು ರಾತ್ರಿ ಹೊರಬಂದು ಚರ್ಮದ ಮೇಲೆ ಮೊಟ್ಟೆಯಿಡುತ್ತದೆ, ತುರಿಸಿಕೊಂಡ ಉಗುರಿನ ಮೂಲಕ ಮೊಟ್ಟೆ ಮತ್ತೆ ಬಾಯಿಗೆ ಸೇರುತ್ತದೆ. ಮಗನಿಗೆ ವೈದ್ಯರು ಚಿಕಿತ್ಸೆ ಕೊಡಲಿ. ನೀವಿಬ್ಬರೂ ಉಗುರನ್ನು ಗಿಡ್ಡವಾಗಿ ಕತ್ತರಿಸಿ, ಬೆಳಗೆದ್ದ ಕೂಡಲೇ ಆ ಭಾಗವನ್ನು ತೊಳೆದು, ಒಳಉಡುಪನ್ನು ದಿನವೂ ಬದಲಿಸಿರಿ. ಹಾಸಿಗೆ ಬಟ್ಟೆಯನ್ನು ಕೊಡವದೆ ನೇರವಾಗಿ ಬಿಸಿನೀರಿಗೆ ಹಾಕಿರಿ. ಈ ಹುಳುವಿನ ಆಯುಷ್ಯ ಸುಮಾರು ಆರು ವಾರಗಳಾದ್ದರಿಂದ, ಅಷ್ಟು ಕಾಲ ಹೊಸ ಮೊಟ್ಟೆ ಬಾಯಿಗೆ ಹೋಗದಂತೆ ನೋಡಿಕೊಂಡರೆ ಔಷಧವಿಲ್ಲದೆಯೂ ಸೋಂಕು ಹೋಗಬಹುದು. ಹೋಗದಿದ್ದರೆ ನಾಲ್ಕನೆಯ ತಿಂಗಳಿನಿಂದಾಚೆಗೆ ಏನು ಮಾಡಬೇಕೆಂದು ನಿಮ್ಮ ಪ್ರಸೂತಿ ತಜ್ಞರೊಡನೆ ನಿರ್ಧರಿಸಬಹುದು.