11–14 ವರ್ಷದ ಮಕ್ಕಳಿಗೆ ವಾಲಿಬಾಲ್: ಮೊದಲ ಟಚ್ಚೇ ನಿಲ್ತಿಲ್ಲ, ಎಲ್ಲಿಂದ ಶುರು ಮಾಡೋದು?

ಹಾನುಬಾಳು ಕಡೆಯವ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲೂಕಿನ ನಮ್ಮ ಊರಲ್ಲಿ 11ರಿಂದ 14 ವರ್ಷದ 18 ಮಕ್ಕಳು ವಾಲಿಬಾಲ್‌ಗೆ ಬರ್ತಿದಾರೆ, ಹುಡುಗರು ಹುಡುಗಿಯರು ಸೇರಿ. ಬಾಲ್ ನಾಲ್ಕಿದೆ, ನೆಟ್ ಒಂದು. ವಾರಕ್ಕೆ ನಾಲ್ಕು ಸಂಜೆ, ಒಂದೂವರೆ ಗಂಟೆ ಸಿಗುತ್ತೆ. ಸರ್ವಿಸ್ ಹೆಂಗೋ ದಾಟಿಸ್ತಾರೆ. ಆದರೆ ಆ ಕಡೆಯವರ ಮೊದಲ ಟಚ್‌ಗೇ ಬಾಲ್ ತಲೆ ಹಿಂದಕ್ಕೋ ಪಕ್ಕದ ಬೇಲಿಗೋ ಹೋಗುತ್ತೆ. ಮೂರು ಟಚ್ ಆಗೋದೇ ಅಪರೂಪ. ಇಷ್ಟಾದರೂ ಎಲ್ಲರಿಗೂ ಸ್ಮ್ಯಾಶೇ ಬೇಕು. ಹೋಬಳಿ ಮಟ್ಟದ ಪಂದ್ಯ ಬರೋದು ಮಳೆಗಾಲದಲ್ಲೇ, ಆಗ ಶಾಲೆ ಮೈದಾನ ಪೂರ್ತಿ ಕೆಸರು. ಪಕ್ಕದ ತೋಟದವರು ಸಿಮೆಂಟಿನ ಕಾಫಿ ಕಣ ಬಳಸ್ಕೊಳ್ಳಿ ಅಂದಿದಾರೆ. ಏನು ಮೊದಲು ಕಲಿಸೋದು, ನೆಟ್ ಎಷ್ಟು ಎತ್ತರ ಕಟ್ಟೋದು, ಕಣದಲ್ಲಿ ಆಡಿಸಬಹುದಾ? ತಿಳಿದೋರು ಹೇಳಿ.

ಲಿಫ್ಟರ್, ಚಿಕ್ಕಮಗಳೂರು

ಸರ್, ಬಾಲ್ ತಲೆ ಹಿಂದಕ್ಕೆ ಹೋಗ್ತಿದೆ ಅಂದ್ರೆ ಮಕ್ಕಳು ಕೈ ಬೀಸ್ತಿದಾರೆ. ಬಾಲ್ ತಾಗೋ ಹೊತ್ತಿಗೆ ಕೈ ಭುಜದ ಮಟ್ಟ ದಾಟಿ ಮೇಲೆ ಹೋಗಿರುತ್ತೆ, ಮತ್ತೆ ಬಾಲ್ ಹಿಂದಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು? ಪಕ್ಕಕ್ಕೆ ಹೋಗೋದಕ್ಕೆ ಬೇರೆ ಕಾರಣ. ಒಂದು ಮೊಣಕೈ ಮಡಚಿರುತ್ತೆ, ಇಲ್ಲಾ ಹೆಬ್ಬೆರಳುಗಳು ಜೋಡಿಯಾಗಿ ಕೂತಿರಲ್ಲ, ಒಂದು ಮುಂಗೈ ಮೇಲೆ ಇನ್ನೊಂದು ಕೆಳಗೆ ಆಗಿರುತ್ತೆ.

ತಿದ್ದೋಕೆ ಮುಂಚೆ ಬಾಲಿನ ಗಾಳಿ ನೋಡಿ. ನಿಯಮದ ಪ್ರಕಾರ ಒತ್ತಡ ಸುಮಾರು 4.3ರಿಂದ 4.6 ಪಿಎಸ್‌ಐ. ಸೈಕಲ್ ಶಾಪಲ್ಲಿ ಅಂದಾಜಿಗೆ ತುಂಬಿಸಿದ ಬಾಲ್ ಇದಕ್ಕಿಂತ ಗಟ್ಟಿಯಾಗಿಬಿಡುತ್ತೆ. ಮುಂಗೈ ಉರಿದ ಮಗು ಹೆದರಿ ಕೈ ಎಳ್ಕೊಳ್ಳುತ್ತೆ, ಅದನ್ನ ನಾವು ಟೆಕ್ನಿಕ್ ತಪ್ಪು ಅಂತ ಬೈತೀವಿ. ಮಾಮೂಲಿ ಬಾಲ್ 260–280 ಗ್ರಾಂ ಇರುತ್ತೆ. ಸಣ್ಣವರಿಗೆ 200–220 ಗ್ರಾಮಿನದು ಒಂದೆರಡು ಸಿಕ್ಕರೆ ತಗೊಳ್ಳಿ.

ಇನ್ನು ಕೈ. ಎರಡು ಹೆಬ್ಬೆರಳು ಜೋಡಿಸಿ ಮಣಿಕಟ್ಟನ್ನ ಕೆಳಕ್ಕೆ ಒತ್ತಿದರೆ ಮೊಣಕೈ ತಾನಾಗೇ ಲಾಕ್ ಆಗುತ್ತೆ. ಬಾಲ್ ತಾಗಬೇಕಾದ್ದು ಮಣಿಕಟ್ಟಿಂದ ಐದಾರು ಸೆಂ.ಮೀ. ಮೇಲೆ, ಎರಡೂ ಮುಂಗೈಗೆ ಒಟ್ಟಿಗೆ. ಆ ಜಾಗಕ್ಕೆ ಸೀಮೆಸುಣ್ಣ ಬಳೀರಿ, ಬಾಲ್ ಮೇಲೆ ಗುರುತು ಮೂಡಿದರೆ ಸರಿ ಜಾಗಕ್ಕೆ ತಾಗಿದೆ ಅಂತ ಮಗುವಿಗೇ ಗೊತ್ತಾಗುತ್ತೆ. ಬಾಲ್ ಎತ್ತಬೇಕಾದ್ದು ಮಂಡಿಯಿಂದ. ಕೈ ಬೀಸೋ ಚಾಳಿ ಬಿಡದವರನ್ನ ಒಂದು ಮಂಡಿ ಊರಿ ಕೂರಿಸಿ, 3 ಮೀಟರ್ ದೂರದಿಂದ ಎರಡು ಕೈಲಿ ಮೆಲ್ಲಗೆ ಬಾಲ್ ಎಸೀರಿ. ಬೀಸಿದ್ರೆ ಬಾಲ್ ಎಲ್ಲೋ ಹೋಗುತ್ತೆ, ಸುಮ್ಮನೆ ಕೈ ಕೊಟ್ರೆ ಎಸೆದವನ ಎದೆಗೇ ವಾಪಸ್ ಬರುತ್ತೆ. ನೀವು ಬಾಯಿಬಿಟ್ಟು ತಿದ್ದೋದೇ ಬೇಕಾಗಲ್ಲ.

ನಾಲ್ಕು ಬಾಲ್‌ಗೆ ನಾಲ್ಕು ಗುಂಪು, ಒಂದೊಂದರಲ್ಲಿ ನಾಲ್ಕೈದು ಮಕ್ಕಳು. ಒಬ್ಬ ಎಸೆಯೋನು, ಒಬ್ಬ ಅಂಡರ್‌ಹ್ಯಾಂಡ್ (ಜೋಡಿಸಿದ ಮುಂಗೈಲಿ ಎತ್ತೋದು) ಆಡೋನು, ಒಬ್ಬ ಲಿಫ್ಟರ್ (ಸ್ಮ್ಯಾಶ್‌ಗೆ ಬಾಲ್ ಎತ್ತಿ ಕೊಡೋನು) ಜಾಗದಲ್ಲಿ ನಿಂತು ಹಿಡಿಯೋನು, ಉಳಿದವರು ಬಾಲ್ ತರೋರು. ಎಂಟು ಬಾಲ್ ಆದ ಮೇಲೆ ಜಾಗ ಬದಲಿ. ಎಸೆಯೋನು ಮತ್ತು ಹಿಡಿಯೋನು ಬೇರೆ ಬೇರೆ ದಿಕ್ಕಲ್ಲಿರೋದು ಮುಖ್ಯ. ಮ್ಯಾಚಲ್ಲಿ ಬಂದ ದಾರೀಲೇ ಬಾಲ್ ವಾಪಸ್ ಕಳಿಸೋಕಿಲ್ಲ, ಪಕ್ಕದ ಲಿಫ್ಟರ್‌ಗೆ ತಿರುಗಿಸಬೇಕು. ಆ ಕಡೆಯ ಭುಜ ತಗ್ಗಿಸೋದು ಹಿಂಗೇ ಬರೋದು.

ಅಂಡರ್‌ಹ್ಯಾಂಡ್ ಪಾಳಿ, ಬೇಲೂರು

ಮೇಲಿನ ಸರ್ ಹೇಳಿದ್ದು ಸರಿ, ಆದರೆ ಡ್ರಿಲ್ ಅರ್ಧ ಗಂಟೆ ಸಾಕು. ಉಳಿದ ಒಂದು ಗಂಟೆ ಆಟ ಆಡಿಸಿ, ಆರು-ಆರು ಜನರ ಆಟ ಮಾತ್ರ ಬೇಡ. ಆರು ಜನ ನಿಂತ್ರೆ ಚುರುಕಾದ ಇಬ್ಬರೇ ಎಲ್ಲ ಬಾಲ್ ಆಡ್ತಾರೆ, ಉಳಿದೋರು ನೋಡ್ತಾ ನಿಲ್ತಾರೆ.

ಕೋರ್ಟ್ 18 ಮೀಟರ್ ಉದ್ದ, 9 ಮೀಟರ್ ಅಗಲ. ನೆಟ್ ಬಿಚ್ಚಿ, ಉದ್ದಕ್ಕೆ ನಟ್ಟನಡುವೆ ಒಂದು ಹಗ್ಗ ಎಳೀರಿ. ಅದನ್ನ ಮೂರು ಪಾಲು ಮಾಡಿದ್ರೆ 6 ಮೀಟರ್ ಅಗಲದ, ಒಂದೊಂದು ಕಡೆ 4.5 ಮೀಟರ್ ಆಳದ ಮೂರು ಸಣ್ಣ ಕೋರ್ಟ್. ಕಡೆಗೆ ಮೂವರಂತೆ ನಿಮ್ಮ 18 ಮಕ್ಕಳೂ ಏಕಕಾಲಕ್ಕೆ ಆಟದಲ್ಲಿ. ಹಗ್ಗ ನಡುವೆ ಜೋಲುತ್ತೆ, ಹಾಗಾಗಿ ಕೋರ್ಟ್ ಸೇರೋ ಎರಡು ಕಡೆ ಗಳ ನಿಲ್ಲಿಸಿ, ಅದಕ್ಕೆ ಗೋಣಿ ಸುತ್ತಿ. ಹಗ್ಗಕ್ಕೆ ಮೊಳಕ್ಕೊಂದರಂತೆ ಬಟ್ಟೆ ತುಂಡು ಕಟ್ಟದಿದ್ರೆ ಬಾಲ್ ಮೇಲೆ ಹೋಯ್ತಾ ಕೆಳಗೆ ಹೋಯ್ತಾ ಅಂತ ಜಗಳ ಆಡಿಯೇ ಸಂಜೆ ಕಳೆಯುತ್ತೆ.

ಎತ್ತರ: ಗಂಡಸರ ನೆಟ್ 2.43 ಮೀಟರ್, ಹೆಂಗಸರದು 2.24. ಊರಲ್ಲಿ ಕಟ್ಟಿರೋದು ಸಾಮಾನ್ಯವಾಗಿ ಗಂಡಸರ ಎತ್ತರಕ್ಕೇ. ಅದರಲ್ಲಿ ಆಡಿದ ಸಣ್ಣವರು ಬಾಲನ್ನ ಕೆಳಗಿಂದ ತಳ್ಳೋದನ್ನೇ ಸ್ಮ್ಯಾಶ್ ಅಂದ್ಕೊಂಡು ಬೆಳೀತಾರೆ. ಮಧ್ಯಮ ಎತ್ತರದ ಮಗು ನಿಂತು ಕೈ ಎತ್ತಿದಾಗ ಬೆರಳ ತುದಿ ಎಲ್ಲಿರುತ್ತೋ ಅದಕ್ಕಿಂತ 10–15 ಸೆಂ.ಮೀ. ಮೇಲೆ ಹಗ್ಗ ಕಟ್ಟಿ. ಪಂದ್ಯಕ್ಕೆ ಎರಡು ಮೂರು ವಾರ ಇರುವಾಗ ಅಲ್ಲಿನ ಎತ್ತರಕ್ಕೆ ಏರಿಸಿದ್ರಾಯ್ತು.

ಆಟದ ನಿಯಮ: ಸರ್ವಿಸ್ ಕೆಳಗೈಯಿಂದ. ಎರಡನೇ ಟಚ್ ಹಿಡಿದು, ನಿಂತು, ಮೇಲಕ್ಕೆ ಹಾಕಬಹುದು. ಮೂರು ಟಚ್ ಆಗಿ ಬಂದ ಪಾಯಿಂಟ್‌ಗೆ ಎರಡು ಲೆಕ್ಕ. ಆಗ ಯಾರೂ ಮೊದಲ ಟಚ್‌ಗೇ ಆ ಕಡೆ ಎಸೆದು ಕೈತೊಳ್ಕೊಳ್ಳಲ್ಲ.

ಲಿಫ್ಟರ್, ಚಿಕ್ಕಮಗಳೂರು

ಹಿಡಿಯೋದಕ್ಕೆ ಒಂದು ಎಲ್ಲೆ ಇರಲಿ ಸರ್. ಎರಡು ವಾರ ಸಾಕು. ಅದಾದ ಮೇಲೂ ಬಿಟ್ರೆ ಬಾಲ್ ಕೆಳಗೆ ಓಡಿ ಹೋಗಿ ನಿಲ್ಲೋ ಕಾಲೇ ಸೋಮಾರಿಯಾಗುತ್ತೆ, ಕೈ ಚಾಚಿ ಹಿಡಿಯೋದು ರೂಢಿಯಾಗುತ್ತೆ.

ತ್ರೀ ಮೀಟರ್ ಲೈನ್, ಮೂಡಿಗೆರೆ

ಕಣದ ಬಗ್ಗೆ ಯಾರೂ ಹೇಳಿಲ್ಲ. ಸಿಮೆಂಟ್ ನೆಲದಲ್ಲಿ ಜಂಪ್ ಬೇಡ, ಡೈವ್ ಅಂತೂ ಬೇಡವೇ ಬೇಡ. ಈ ವಯಸ್ಸಲ್ಲಿ ಮೂಳೆ ಬೇಗ ಬೆಳೀತಿರುತ್ತೆ. ಮಂಡಿ ಚಿಪ್ಪಿನ ಕೆಳಗೆ ಸ್ನಾಯುರಜ್ಜು ಮೂಳೆಗೆ ಅಂಟೋ ಜಾಗ ಪದೇ ಪದೇ ಜಂಪ್ ಮಾಡಿದ್ರೆ ಊದಿಕೊಂಡು ಗಂಟಿನ ಥರ ಆಗುತ್ತೆ. ಡಾಕ್ಟರು ಇದನ್ನ ಆಸ್ಗುಡ್-ಶ್ಲಾಟರ್ ಅಂತಾರೆ. ಅಲ್ಲಿ ಒತ್ತಿದ್ರೆ ನೋವು ಅನ್ನೋ ಮಗುವಿಗೆ ಜಂಪ್ ನಿಲ್ಲಿಸಿ, ಅಂಡರ್‌ಹ್ಯಾಂಡ್, ಫಿಂಗರ್ (ಹಣೆ ಮೇಲೆ ಬೆರಳುಗಳಿಂದ ಬಾಲ್ ಎತ್ತೋದು) ಮಾತ್ರ ಆಡಿಸಿ, ಒಮ್ಮೆ ಡಾಕ್ಟರಿಗೆ ತೋರಿಸಿ. ಮಳೆಗಾಲದಲ್ಲಿ ಕಣದ ಮೇಲೆ ಪಾಚಿ ಬೇರೆ ಕಟ್ಟಿರುತ್ತೆ, ಮೊದಲು ಉಜ್ಜಿ ತೆಗೀರಿ. ಮಳೆ ಬಿಟ್ಟ ಹೊತ್ತಲ್ಲಿ ಗೋಡೆಗೆ ಬಾಲ್ ಆಡೋದು, ಕಾಲಿನ ಹೆಜ್ಜೆ, ಕೆಳಗೈ ಸರ್ವಿಸ್, ಇಷ್ಟಕ್ಕೆ ಕಣ ಚೆನ್ನಾಗೇ ಇದೆ. ಕೊಯ್ಲು ಶುರುವಾದ್ರೆ ಕಣ ನಿಮಗೆ ಸಿಗಲ್ಲ, ಅಷ್ಟರಲ್ಲಿ ಮೈದಾನ ಒಣಗಿರುತ್ತೆ.

ಸ್ಮ್ಯಾಶ್ ಬೇಕೇ ಬೇಕು ಅನ್ನೋ ಮಕ್ಕಳಿಗೆ ಬಾಲ್ ಕೊಡಬೇಡಿ, ಮೊದಲು ಹೆಜ್ಜೆ ಕೊಡಿ. ಹೊನಲು ಬೆಳಕಿನ ಪಂದ್ಯಾವಳಿ ನೋಡಿ ಬಂದಿರ್ತಾರೆ, ಕಣ್ಣಿಗೆ ಬಿದ್ದಿರೋದು ಕೈ ಮಾತ್ರ. ಬಲಗೈಯವರಿಗೆ ಎಡ, ಬಲ, ಎಡ. ಇದನ್ನ ಹಿಂದುಮುಂದಾಗಿ ಕಲಿಸಿ: ಮೊದಲು ಕೊನೆಯ ಎರಡು ಹೆಜ್ಜೆ, ‘ಬಲ-ಎಡ’ ಅಂತ ಒಂದೇ ಉಸಿರಿಗೆ, ಜೊತೆಗೆ ಎರಡೂ ಕೈ ಹಿಂದಿನಿಂದ ಮೇಲಕ್ಕೆ. ಅದು ಕೂತ ಮೇಲೆ ನಿಧಾನದ ಮೊದಲ ಎಡ ಹೆಜ್ಜೆ ಸೇರಿಸಿ. ಎಡಗೈಯವರಿಗೆ ಉಲ್ಟಾ. ಬಲಗಾಲು ಕೊನೆಗೆ ಬಂದ್ರೆ ಬಲಭುಜ ಮುಂದಾಗಿ ಮೈ ಬಿಲ್ಲಿನಂತೆ ಬಾಗೋಕೇ ಆಗಲ್ಲ, ಏಟಿಗೆ ಬಲ ಬರಲ್ಲ. ನೆಟ್ ಟಚ್ ಆಗ್ತಿದ್ರೆ ಬಲಗಾಲಿನ ಹೆಜ್ಜೇಲಿ ಹಿಮ್ಮಡಿ ಊರ್ತಿಲ್ಲ, ಓಡಿದ ವೇಗ ಮೇಲಕ್ಕೆ ತಿರುಗದೆ ಮುಂದಕ್ಕೇ ಹೋಗ್ತಿದೆ ಅಂತ ತಿಳ್ಕೊಳ್ಳಿ. ಇಳಿಯೋದು ಎರಡೂ ಕಾಲಲ್ಲಿ, ಮಂಡಿ ಬಗ್ಗಿಸಿ.

ಆಮೇಲೂ ಹೊಡೆಸಬೇಡಿ. ನೀವು ಬಾಲ್ ಮೇಲಕ್ಕೆ ಹಾಕಿ, ಮಗು ಜಂಪ್ ಮಾಡಿ ಹಣೆ ಮುಂದೆ ಎತ್ತರದಲ್ಲಿ ಹಿಡೀಲಿ. ತಲೆ ಮೇಲೆ ಹಿಡಿದ್ರೆ ಬೇಗ ಓಡಿದೆ. ಬಾಲ್ ಎತ್ತರದ ತುದಿ ಮುಟ್ಟೋವರೆಗೂ ಕಾಯೋಕೆ ಹೇಳಿ. ನನ್ನ ಮಟ್ಟಿಗೆ ಒಂದು ಸಂಜೆಗೆ ಒಂದು ಮಗುವಿಗೆ 30–40 ಜಂಪ್ ಮೀರಬಾರದು, ಎರಡು ಸಂಜೆ ಒಂದರ ಹಿಂದೆ ಒಂದು ಬೇಡ.

ಹಾನುಬಾಳು ಕಡೆಯವ

ತುಂಬಾ ಉಪಕಾರ. ಇನ್ನೆರಡು ಕೇಳ್ತೀನಿ. ಲಿಫ್ಟರ್ ಯಾರು ಅಂತ ಈಗಲೇ ಗೊತ್ತು ಮಾಡಬೇಕಾ? ನೆನೆದ ಬಾಲ್ ಭಾರ ಆಗ್ತಿದೆ, ಏನು ಮಾಡೋದು?

ಲಿಫ್ಟರ್, ಚಿಕ್ಕಮಗಳೂರು

ಈಗಲೇ ಗೊತ್ತು ಮಾಡಬೇಡಿ, ಎಲ್ಲರಿಗೂ ಫಿಂಗರ್ ಕಲಿಸಿ. ಇವತ್ತಿನ ಕುಳ್ಳ 16ಕ್ಕೆ ಎಲ್ಲರಿಗಿಂತ ಉದ್ದ ಆಗಬಹುದು. ಗೋಡೆಯಿಂದ ಒಂದೂವರೆ ಮೀಟರ್ ದೂರ ನಿಲ್ಲಿಸಿ, 3 ಮೀಟರ್ ಎತ್ತರದ ಗುರುತಿಗೆ 20ರಂತೆ ಮೂರು ಸಲ. ಹಣೆ ಮೇಲೆ ಎರಡು ಹೆಬ್ಬೆರಳು, ಎರಡು ತೋರುಬೆರಳು ತ್ರಿಕೋನ ಆಗಬೇಕು, ಬಾಲ್ ಅಂಗೈಗೆ ತಾಗಬಾರದು. ತಿರುಗ್ತಾ ಹೋಗೋ ಬಾಲ್ ಅಂದ್ರೆ ಒಂದು ಕೈ ಮೊದಲು ತಾಗಿದೆ. ಮೊದಲ ಟಚ್ ಫಿಂಗರ್‌ನಲ್ಲಿ ತಗೊಂಡಾಗ ಒಂದೇ ಚಲನೆಯೊಳಗೆ ಡಬಲ್ ಆದ್ರೂ (ಬಾಲ್ ಒಬ್ಬರಿಗೇ ಎರಡು ಸಲ ತಾಗಿದ್ರೂ) ಫೌಲ್ ಅಲ್ಲ, ಹಿಡಿದು ಎಸೆದ್ರೆ ಮಾತ್ರ ಫೌಲ್. ಇದನ್ನ ಮಕ್ಕಳಿಗೆ ಹೇಳಿ, ಎತ್ತರದ ನಿಧಾನ ಸರ್ವಿಸ್‌ಗೆ ಧೈರ್ಯ ಬರುತ್ತೆ.

ಮಳೆಗಾಲಕ್ಕೆ ರಬ್ಬರ್ ಬಾಲ್ ಎರಡು ಬೇರೆ ಇಡಿ, ನೀರು ಕುಡಿಯಲ್ಲ. ನೆನೆದ ಒಳ್ಳೆ ಬಾಲನ್ನ ಒಣ ಬಟ್ಟೇಲಿ ಒರೆಸಿ ನೆರಳಲ್ಲಿ ಬಿಡಿ. ಒಲೆ ಪಕ್ಕ ಇಟ್ರೆ ಅಂಟು ಬಿಟ್ಟು ಹೊಲಿಗೆ ಸಂದಿ ಏಳುತ್ತೆ.